ಎಲೆ ಮಗುಚಿ ನೋಡಿ: ಹಿತ್ತಲ ಕ್ಯಾಬೇಜಿಗೆ ಬೀಳುವ ಹುಳ, ಅದಕ್ಕೆ ನಾನು ಮಾಡುವ ಉಪಾಯ

ಸಿಂಧನೂರಿನಲ್ಲಿ ನನ್ನದು ಹೊಲಿಗೆ ಕೆಲಸ. ಮುಂದಿನ ಕೋಣೆಯಲ್ಲಿ ಮಷೀನು, ಮನೆ ಹಿಂದೆ ಹಿತ್ತಲು. ಹತ್ತು ಹೆಜ್ಜೆ ಉದ್ದ, ಆರು ಹೆಜ್ಜೆ ಅಗಲ, ಪೂರ್ತಿ ಎರೆ ಮಣ್ಣು. ದೀಪಾವಳಿ ಮುಗಿದ ವಾರ ಅಲ್ಲಿ ಹದಿನೆಂಟು ಕ್ಯಾಬೇಜ್ ಸಸಿ ಹಚ್ಚುತ್ತೇನೆ. ಮೂರು ಸಾಲು, ಸಾಲಿಗೆ ಆರು, ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ. ತಳಿ ಗೋಲ್ಡನ್ ಏಕರ್. ಎರಡು ತಿಂಗಳಿಗೆ ಗಡ್ಡೆ ಕಟ್ಟುತ್ತದೆ, ಸಂಕ್ರಾಂತಿ ಆಸುಪಾಸಿಗೆ ಮೊದಲನೆಯದು ಅಡುಗೆಮನೆ ಸೇರುತ್ತದೆ. ಬೇಸಿಗೆಯಲ್ಲಿ ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ, ಆಗ ಈ ತಳಿ ಹಚ್ಚಿ ಪ್ರಯೋಜನವಿಲ್ಲ.

ನಮ್ಮ ಮನೆಯಲ್ಲಿ ಅರ್ಧ ಕ್ಯಾಬೇಜ್ ಪಲ್ಯಕ್ಕೆ ಹೋದರೆ ಇನ್ನರ್ಧ ಹಸಿಯಾಗೇ ಖರ್ಚಾಗುತ್ತದೆ. ಸಣ್ಣಗೆ ಹೆಚ್ಚಿ, ಉಪ್ಪು, ಗುರೆಳ್ಳು ಪುಡಿ, ಮೊಸರು ಹಾಕಿ ಕಲಸಿದರೆ ಪಚಡಿ. ಬಿಸಿ ಜೋಳದ ರೊಟ್ಟಿಗೆ ಅದು ಬೇಕೇ ಬೇಕು. ಹಸಿಯಾಗಿ ತಿನ್ನುವ ಎಲೆ ಅಂದಮೇಲೆ ಅದಕ್ಕೆ ಹೊಡೆದದ್ದೆಲ್ಲ ಕೊನೆಗೆ ನಮ್ಮ ತಾಟಿಗೇ ಬರುತ್ತದೆ, ಅಲ್ವಾ?

ಐದು ವರ್ಷದ ಹಿಂದೆ ನಾನು ಇಷ್ಟು ಯೋಚನೆ ಮಾಡಿರಲಿಲ್ಲ. ಎಲೆಯಲ್ಲಿ ತೂತು ಬಿದ್ದವು ಅಂತ ಅಣ್ಣನಿಗೆ ಫೋನ್ ಮಾಡಿದೆ. ಮಸ್ಕಿ ಹತ್ತಿರ ಅವನ ಹತ್ತಿ ಹೊಲ. "ಎಣ್ಣಿ ಉಳದೈತಿ, ತಂದು ಕೊಡ್ತೀನಿ ತಗೋ" ಅಂದ. ಹೊಲಕ್ಕೆ ಹೊಡೆಯುವ ವಿಷಕ್ಕೆ ನಮ್ಮ ಕಡೆ ಎಣ್ಣಿ ಅಂತಲೇ ಹೇಳುವುದು. ಒಂದು ಮುಚ್ಚಳ ನೀರಿಗೆ ಬೆರೆಸಿ ಎಲ್ಲ ಗಿಡಕ್ಕೂ ಹೊಡೆದೆ. ಮಾರನೇ ದಿನ ನೋಡಿದರೆ ಗಿಡದ ಬುಡದಲ್ಲಿ ಸಸ್ಯಹೇನು ತಿನ್ನುವ ಗುಲಗಂಜಿ ಹುಳಗಳು ಅಂಗಾತ ಬಿದ್ದಿದ್ದವು. ಎಲೆ ತಿನ್ನುವ ಹಸಿರು ಹುಳ ಮಾತ್ರ ಆರಾಮಾಗಿ ತಿನ್ನುತ್ತಲೇ ಇತ್ತು. ಎರಡು ವಾರದಲ್ಲಿ ಎಲೆ ತುಂಬ ಬೂದು ಬಣ್ಣದ ಹೇನು ಮುತ್ತಿತು. ಬಾಟಲಿ ಮೇಲೆ ಕೆಂಪು ತ್ರಿಕೋನ ಇತ್ತು, ಅದರ ಅರ್ಥ ನನಗೆ ಆಗ ತಿಳಿಯದು. ಕೆಂಪು ಅಂದರೆ ಎಲ್ಲಕ್ಕಿಂತ ಘೋರ ವಿಷ. ಅದರ ಕೆಳಗೆ ಹಳದಿ, ಆಮೇಲೆ ನೀಲಿ, ಕೊನೆಗೆ ಹಸಿರು. ಆ ಗಡ್ಡೆಗಳನ್ನು ಮಕ್ಕಳಿಗೆ ಬಡಿಸಲು ನನಗೆ ಕೈ ಬರಲಿಲ್ಲ. ಎಮ್ಮೆಗೂ ಹಾಕಲಿಲ್ಲ. ಹದಿನೆಂಟನ್ನೂ ಕಿತ್ತು ಮಣ್ಣಲ್ಲಿ ಹೂತೆ.

ಈಗ ಮಗಳು ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಳೆ. ಹುಳಗಳ ಹೆಸರು ಅವಳು ಹೇಳಿಕೊಟ್ಟಳು. ಗುರುತು ಹಿಡಿಯುವುದನ್ನು ನಾನು ಗಿಡದ ಮುಂದೆ ಕೂತು ಕಲಿತೆ. ಇಲ್ಲಿ ಹೇಳುವುದೆಲ್ಲ ಹದಿನೆಂಟೋ ಇಪ್ಪತ್ತೋ ಗಿಡ ಇರುವ ಹಿತ್ತಲಿಗೆ ಮಾತ್ರ. ಎಕರೆಗಟ್ಟಲೆ ಬೆಳೆಯುವವರ ಲೆಕ್ಕವೇ ಬೇರೆ.

ನೋಡುವ ಕೆಲಸ ಮೊದಲು

ದಿನ ಬಿಟ್ಟು ದಿನ, ಬೆಳಗ್ಗೆ ಬಿಸಿಲು ಏರುವ ಮುಂಚೆ ಹೋಗಿ. ಕೈಯಲ್ಲಿ ಒಂದು ಬಟ್ಟಲು ಸೋಪಿನ ನೀರು ಇರಲಿ. ಮೇಲೆ ನಿಂತು ನೋಡಿದರೆ ಏನೂ ಕಾಣುವುದಿಲ್ಲ. ಕೂತು, ಒಂದೊಂದೇ ಎಲೆ ಮಗುಚಿ, ನರದ ಪಕ್ಕ ನೋಡಿ. ಹುಳ, ತತ್ತಿ, ಗೂಡು ಎಲ್ಲ ಇರುವುದು ಹೆಚ್ಚಾಗಿ ಎಲೆಯ ಕೆಳಗೆ. ಆಮೇಲೆ ನಡುವಿನ ಸುಳಿ ಬಿಡಿಸಿ ನೋಡಿ. ಹದಿನೆಂಟು ಗಿಡಕ್ಕೆ ನನಗೆ ಇಪ್ಪತ್ತು ನಿಮಿಷ ಸಾಕು. ಎಲೆಯಲ್ಲಿ ತೂತು ಕಂಡ ಕೂಡಲೇ ಔಷಧಿ ಹುಡುಕಬೇಡಿ. ತೂತು ಮಾಡಿದ್ದು ಯಾವುದು ಅಂತ ಮೊದಲು ಹುಡುಕಿ. ಹೇನಿಗೆ ಹೊಡೆಯುವುದೆಲ್ಲ ಹುಳಕ್ಕೆ ನಾಟುವುದಿಲ್ಲ, ಹುಳಕ್ಕೆ ಹೊಡೆಯುವುದೆಲ್ಲ ಹೇನಿಗೆ ತಟ್ಟುವುದಿಲ್ಲ.

ಜಾರ್ಜೆಟ್ ಕಿಟಕಿ

ಕ್ಯಾಬೇಜಿನ ದೊಡ್ಡ ಶತ್ರು ಒಂದೇ, ವಜ್ರಬೆನ್ನಿನ ಪತಂಗ. ಪತಂಗ ಒಂದು ಸೆಂಟಿಮೀಟರ್ ಕೂಡ ಇರುವುದಿಲ್ಲ. ಬೂದು ಕಂದು ಬಣ್ಣ. ರೆಕ್ಕೆ ಮಡಚಿ ಕೂತಾಗ ಬೆನ್ನ ಮೇಲೆ ತಿಳಿ ಬಣ್ಣದ ಮೂರು ವಜ್ರ ಸಾಲಾಗಿ ಕಾಣುತ್ತವೆ, ಸೀರೆ ಅಂಚಿನ ಚೌಕಟ್ಟಿನ ಹಾಗೆ. ಸಂಜೆ ಗಿಡಕ್ಕೆ ಕೈ ತಾಗಿಸಿ ನೋಡಿ. ಸಣ್ಣ ಪತಂಗಗಳು ಎದ್ದು, ನಾಲ್ಕು ಮೊಳ ಹಾರಿ, ಮತ್ತೆ ಕೂತರೆ ಅವೇ ಅನ್ನಿ.

ಹಾಳು ಮಾಡುವುದು ಅದರ ಮರಿ. ತಿಳಿ ಹಸಿರು, ಎರಡೂ ತುದಿ ಸಣ್ಣ, ನಡುವೆ ದಪ್ಪ. ಬೆಳೆದಾಗಲೂ ಒಂದು ಸೆಂಟಿಮೀಟರ್ ಆಸುಪಾಸು ಅಷ್ಟೇ. ಗುರುತಿಗೆ ಬೇರೆ ಏನೂ ಬೇಡ, ಹುಲ್ಲುಕಡ್ಡಿಯಿಂದ ಮುಟ್ಟಿ. ಮೈ ಕೊಡವಿ, ಹಿಂದಕ್ಕೆ ಸರಿದು, ಎಲೆ ಅಂಚಿನಿಂದ ನೂಲು ಬಿಟ್ಟು ಕೆಳಗೆ ಜೋತು ಬೀಳುತ್ತದೆ. ಸ್ವಲ್ಪ ಹೊತ್ತು ಸುಮ್ನೆ ಇರಿ, ಅದೇ ನೂಲು ಹಿಡಿದು ಮೇಲೆ ಹತ್ತುತ್ತದೆ. ನೂಲು ನನ್ನ ಮಷೀನಿನ ದಾರಕ್ಕಿಂತ ಎಷ್ಟೋ ಸಣ್ಣದು, ಬಿಸಿಲಿಗೆ ಹಿಡಿದರೆ ಮಾತ್ರ ಮಿಂಚುತ್ತದೆ.

ಇದು ಮಾಡುವ ಗಾಯವೂ ಬೇರೆ ಥರ. ಸಣ್ಣದಿದ್ದಾಗ ಎಲೆಯ ಕೆಳಗಿನ ಪದರ ತಿಂದು ಮೇಲಿನ ತೆಳು ಪೊರೆ ಹಾಗೇ ಬಿಡುತ್ತದೆ. ಎಲೆಯನ್ನು ಬೆಳಕಿಗೆ ಹಿಡಿದರೆ ಬಿಳಿ ಜಾರ್ಜೆಟ್ ತೇಪೆ ಹಾಕಿದಂತೆ ಅಲ್ಲಲ್ಲಿ ಪಾರದರ್ಶಕ ಕಿಟಕಿ. ಕೆಲವು ದಿನಕ್ಕೆ ಆ ಪೊರೆ ಒಣಗಿ ಹರಿದು ತೂತಾಗುತ್ತದೆ. ನೀವು ಕಿಟಕಿ ಇದ್ದಾಗಲೇ ಹಿಡಿದರೆ ಕೆಲಸ ಹಗುರ. ಬರೀ ತೂತು ಕಂಡರೆ ಹುಳ ಆಗಲೇ ದೊಡ್ಡದಾಗಿರುತ್ತದೆ.

ಇನ್ನೊಂದು ಗುರುತು ಗೂಡು. ಎಲೆ ಕೆಳಗೆ ನೆಟ್ ಬಟ್ಟೆಯಂತೆ ಸಡಿಲವಾಗಿ ನೇಯ್ದ ಪುಟ್ಟ ಚೀಲ, ಒಳಗಿರುವ ಹಸಿರು ಕೋಶ ಹೊರಗೇ ಕಾಣುತ್ತದೆ. ಅದನ್ನು ಹಿಸುಕಿ ಹಾಕಿ. ಆದರೆ ಅದರ ಪಕ್ಕ ಅಕ್ಕಿ ನುಚ್ಚಿನಷ್ಟು ಗಟ್ಟಿ ಬಿಳಿ ಗೂಡು ಕಂಡರೆ, ಒಳಗೆ ಏನೂ ಕಾಣದಿದ್ದರೆ, ಅದನ್ನು ಮುಟ್ಟಬೇಡಿ. ಅದು ಈ ಹುಳದ ಮೈಯೊಳಗೆ ಬೆಳೆದು, ಅದನ್ನು ಕೊಂದು ಹೊರಬರುವ ಸಣ್ಣ ಕಣಜದ ಗೂಡು. ಅದು ನಿಮ್ಮ ಕಡೆಯ ಜೀವ. ಮೊದಲೆರಡು ವರ್ಷ ನಾನು ಇವನ್ನೂ ಹಿಸುಕುತ್ತಿದ್ದೆ. ಈಗ ನೆನೆಸಿಕೊಂಡರೆ ಹೊಟ್ಟೆ ಚುರ್ ಅನ್ನುತ್ತದೆ.

ಅಣ್ಣನ ಎಣ್ಣಿಗೆ ಈ ಹುಳ ಯಾಕೆ ಸಾಯಲಿಲ್ಲ ಅಂತ ಮಗಳನ್ನು ಕೇಳಿದೆ. ನಮ್ಮ ಚಳಿಗಾಲದ ಹಗಲಿನ ಬಿಸಿಗೆ ತತ್ತಿಯಿಂದ ಪತಂಗ ಆಗಲು ಇದಕ್ಕೆ ಎರಡು ಮೂರು ವಾರ ಸಾಕಂತೆ. ಒಂದು ಹಂಗಾಮಿನಲ್ಲಿ ಮೂರು ನಾಲ್ಕು ತಲೆಮಾರು. ಪ್ರತಿ ಸಲ ಹೊಡೆದಾಗ ಬದುಕಿ ಉಳಿದವು ತತ್ತಿ ಇಡುತ್ತವೆ, ಅವುಗಳ ಮರಿ ಆ ವಿಷಕ್ಕೆ ಬಗ್ಗುವುದಿಲ್ಲ. 1953ರಲ್ಲೇ ಜಾವಾದಲ್ಲಿ ಡಿಡಿಟಿ ಎಂಬ ಕೀಟನಾಶಕಕ್ಕೆ ಸಾಯದ ಹುಳ ಅಂತ ಇದರ ಹೆಸರು ದಾಖಲಾಗಿದೆ. ಅಂದರೆ ಇನ್ನೂ ಖಾರದ ವಿಷ ತಂದರೆ ಮೊದಲು ಸಾಯುವುದು ಗುಲಗಂಜಿ ಹುಳ, ಕಣಜ ಮತ್ತು ಜೇಡ. ಇದು ಸಾಯುವುದಿಲ್ಲ.

ನಾನು ಮಾಡುವುದು ಇಷ್ಟು. ಕೈಯಿಂದ ಆರಿಸಿ ಸೋಪಿನ ನೀರಿಗೆ ಹಾಕುತ್ತೇನೆ. ಗಿಡಕ್ಕೆ ಮೂರು ನಾಲ್ಕಕ್ಕಿಂತ ಜಾಸ್ತಿ ಕಂಡರೆ ಸಂಜೆ ಬಿ.ಟಿ. ಪುಡಿ ಹೊಡೆಯುತ್ತೇನೆ. ರಾಯಚೂರು ಜಿಲ್ಲೆಯಲ್ಲಿ ಬಿ.ಟಿ. ಅಂದ ಕೂಡಲೇ ಎಲ್ಲರೂ ಹತ್ತಿ ಬೀಜ ಅಂದುಕೊಳ್ಳುತ್ತಾರೆ. ಹೆಸರಿನ ಮೂಲ ಒಂದೇ. ಮಣ್ಣಲ್ಲಿರುವ ಒಂದು ಬ್ಯಾಕ್ಟೀರಿಯಾದ ಗುಣವನ್ನು ಹತ್ತಿ ಬೀಜದೊಳಗೆ ಸೇರಿಸಿದ್ದು ಬಿ.ಟಿ. ಹತ್ತಿ. ಇಲ್ಲಿ ಆ ಬ್ಯಾಕ್ಟೀರಿಯಾವನ್ನೇ ಪುಡಿ ಮಾಡಿ ಎಲೆ ಮೇಲೆ ಹೊಡೆಯುತ್ತೇವೆ, ಗಿಡದೊಳಗೆ ಏನೂ ಸೇರುವುದಿಲ್ಲ. ಗೊಬ್ಬರ ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಹಸಿರು ಹುಳಕ್ಕೆ, ಕೀಡೆಗೆ ಬೇಕು ಅಂತ ಹೇಳಿ, ಅವಧಿ ಮುಗಿದಿಲ್ಲ ಅಂತ ನೋಡಿ ತನ್ನಿ. ಸಾಮಾನ್ಯವಾಗಿ ಲೀಟರ್ ನೀರಿಗೆ 1ರಿಂದ 2 ಗ್ರಾಂ, ಆದರೂ ಪೊಟ್ಟಣದ ಮೇಲೆ ಬರೆದ ಅಳತೆಯೇ ನಿಮ್ಮ ಅಳತೆ. ಬಿಸಿಲಿಗೆ ಇದರ ಶಕ್ತಿ ಬೇಗ ಹೋಗುತ್ತದೆ, ಅದಕ್ಕೆ ಸಂಜೆಯೇ ಹೊಡೆಯಬೇಕು. ಹುಳ ಎಲೆಯನ್ನು ತಿಂದರೆ ಮಾತ್ರ ಇದು ಹೊಟ್ಟೆಗೆ ಹೋಗಿ ಕೆಲಸ ಮಾಡುತ್ತದೆ, ಆದ್ದರಿಂದ ಎಲೆಯ ಕೆಳಭಾಗ ನೆನೆಯಬೇಕು. ಮಾರನೇ ಬೆಳಗ್ಗೆ ಹುಳ ಇನ್ನೂ ಬದುಕಿದೆ ಅಂತ ಬೇಜಾರಾಗಬೇಡಿ. ತಿನ್ನುವುದನ್ನು ನಿಲ್ಲಿಸಿರುತ್ತದೆ, ಎರಡು ಮೂರು ದಿನಕ್ಕೆ ಕಪ್ಪಾಗಿ ಸಾಯುತ್ತದೆ. ಒಂದು ವಾರ ಬಿಟ್ಟು ಇನ್ನೊಮ್ಮೆ ಹೊಡೆಯಿರಿ. ಇದನ್ನೂ ಹಂಗಾಮಿಡೀ ಒಂದೇ ಸಮನೆ ಹೊಡೆಯಬಾರದು, ವಜ್ರಬೆನ್ನು ಇದಕ್ಕೂ ಒಗ್ಗಿಕೊಳ್ಳುತ್ತದೆ. ನಡುವೆ ಬೇವು ಬಳಸಿ.

ಬೇವಿನ ಕಷಾಯ

ಬೇವಿನ ಹಣ್ಣು ಉದುರುವುದು ಮುಂಗಾರು ಶುರುವಾಗುವ ದಿನಗಳಲ್ಲಿ. ಆಗಲೇ ಆರಿಸಿ, ತಿರುಳು ತೊಳೆದು, ನೆರಳಲ್ಲಿ ಒಣಗಿಸಿ ಬಟ್ಟೆ ಚೀಲದಲ್ಲಿ ಕಟ್ಟಿಡಿ. ಪ್ಲಾಸ್ಟಿಕ್ ಚೀಲ ಬೇಡ, ಬೂಸು ಬರುತ್ತದೆ. ಹೋದ ವರ್ಷದ ಹಳೆ ಬೀಜವೂ ಬೇಡ, ಅದರಲ್ಲಿ ಸತ್ವ ಇರುವುದಿಲ್ಲ.

ಸಿಪ್ಪೆ ತೆಗೆದ ಬೀಜ 100 ಗ್ರಾಂ ತೂಗಿ ಒರಳಲ್ಲಿ ತರಿ ತರಿಯಾಗಿ ಕುಟ್ಟಿ. ಲೈನಿಂಗ್ ಬಟ್ಟೆಯ ತುಂಡಿನಲ್ಲಿ ಗಂಟು ಕಟ್ಟಿ, 2 ಲೀಟರ್ ನೀರಲ್ಲಿ ರಾತ್ರಿ ಇಡೀ ನೆನೆಸಿಡಿ. ಮಾರನೇ ದಿನ ಗಂಟನ್ನು ಹಿಂಡಿ ಹಿಂಡಿ ಹಾಲಿನಂತೆ ಬರುವವರೆಗೆ ತೆಗೆಯಿರಿ, ಸೋಸಿ. ಹದಿನೆಂಟು ಗಿಡಕ್ಕೆ ಇದು ಸಾಕಾಗುತ್ತದೆ.

ಇಲ್ಲಿ ಒಂದು ವಿಷಯ ಎಲ್ಲರೂ ಮರೆಯುತ್ತಾರೆ. ಕ್ಯಾಬೇಜ್ ಎಲೆ ಮೇಲೆ ಒಂದು ಹನಿ ನೀರು ಬಿಟ್ಟು ನೋಡಿ. ನೆನೆಯುವುದೇ ಇಲ್ಲ. ಹನಿ ಮುತ್ತಿನಂತೆ ದುಂಡಗಾಗಿ ಉರುಳಿ, ನರದ ಗುಂಟ ಓಡಿ, ಮಣ್ಣಿಗೆ ಬೀಳುತ್ತದೆ. ಎಲೆ ಮೇಲೆ ಮೇಣದ ಪದರ ಇದೆ. ನೀವು ಕಷ್ಟಪಟ್ಟು ಮಾಡಿದ ಕಷಾಯವೂ ಹಾಗೇ ಉರುಳಿ ಹೋಗುತ್ತದೆ. ಅದಕ್ಕೆ ಸ್ವಲ್ಪ ಸೋಪು ಬೆರೆಸಲೇಬೇಕು. ಮೈ ಸೋಪನ್ನು ತುರಿದು ಕರಗಿಸಿದ ನೀರು, ಲೀಟರಿಗೆ ಒಂದು ಚಮಚ. ಆಗ ಹನಿ ಹರಡಿಕೊಂಡು ಎಲೆಗೆ ಅಂಟುತ್ತದೆ. ಬಟ್ಟೆ ಒಗೆಯುವ ಪುಡಿ ಹಾಕಬೇಡಿ, ಎಲೆ ಸುಡುತ್ತದೆ. ಇದನ್ನೆಲ್ಲ ಮಾಡಲು ಪುರುಸೊತ್ತಿಲ್ಲದವರಿಗೆ ಬೇವಿನ ಸೋಪು ಇದೆ. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ತರಕಾರಿಗೆಂದೇ ತಯಾರಿಸಿದ್ದು. ಅದರಲ್ಲಿ ಬೇವೂ ಸೋಪೂ ಒಟ್ಟಿಗೇ ಇರುತ್ತವೆ.

ಕಷಾಯವನ್ನು ಅಂದೇ ಸಂಜೆ ಮುಗಿಸಿ, ಉಳಿಸಿ ಇಡಬೇಡಿ. ಬೇವು ತಕ್ಷಣ ಕೊಲ್ಲುವುದಿಲ್ಲ. ಹುಳ ಎಲೆ ಬಿಡುತ್ತದೆ, ಪೊರೆ ಕಳಚಲಾಗದೆ ನಿಧಾನಕ್ಕೆ ಸಾಯುತ್ತದೆ. ದೊಡ್ಡ ಹುಳಕ್ಕಿಂತ ಮರಿಗಳ ಮೇಲೆ ಪರಿಣಾಮ ಜಾಸ್ತಿ. ಕಹಿ ಎಲೆಗೆ ಉಳಿಯುತ್ತದೆ, ಹೀಗಾಗಿ ಕೊಯ್ಯುವ ವಾರ ನಾನು ಹೊಡೆಯುವುದಿಲ್ಲ.

ಹಿಟ್ಟು ಉದುರಿಸಿದಂಥ ಹೇನು

ಪಕ್ಕದ ಮನೆಯ ಹುಡುಗಿ ಒಮ್ಮೆ ಬಂದು ಕೇಳಿದಳು: "ಅಕ್ಕಾ, ನಿಮ್ಮ ಗಿಡಕ್ಕ ಯಾರರ ಹಿಟ್ಟು ಚೆಲ್ಯಾರೇನು?" ಸಸ್ಯಹೇನು ಹಾಗೇ ಕಾಣುತ್ತದೆ. ಬೂದು ಹಸಿರು ಬಣ್ಣ, ಮೈ ಮೇಲೆ ಮೇಣದ ಪುಡಿ. ಸುಳಿಯಲ್ಲಿ, ಎಲೆ ಮಡಿಕೆಯಲ್ಲಿ ನೂರಾರು ಒತ್ತೊತ್ತಾಗಿ ಕೂತು ರಸ ಹೀರುತ್ತವೆ. ಎಲೆ ಮುದುಡಿ ಹಳದಿಯಾಗುತ್ತದೆ, ಮುಟ್ಟಿದರೆ ಅಂಟು. ಗಿಡದ ಮೇಲೆ ಇರುವೆ ಸಾಲು ಹತ್ತಿಳಿಯುತ್ತಿದ್ದರೆ ಹೇನು ಇದೆಯೇ ಅಂತ ನೋಡಿ. ಆ ಅಂಟು ರಸಕ್ಕಾಗಿ ಕೆಲವು ಸಲ ಇರುವೆ ಬರುತ್ತದೆ.

ಇದಕ್ಕೆ ಬಿ.ಟಿ. ಹೊಡೆದರೆ ದುಡ್ಡು ದಂಡ. ಹೇನು ಎಲೆ ಅಗಿಯುವುದಿಲ್ಲ, ರಸ ಹೀರುತ್ತದೆ. ಒಂದೆರಡು ಎಲೆಯಲ್ಲಿ ಮಾತ್ರ ಇದ್ದರೆ ಎಲೆ ಮುರಿದು ಸೋಪಿನ ನೀರಲ್ಲಿ ಮುಳುಗಿಸಿ. ಜಾಸ್ತಿ ಇದ್ದರೆ ಪೈಪಿಗೆ ಬೆರಳು ಒತ್ತಿ ಜೋರು ನೀರು ಹಾಯಿಸಿ. ಬಿದ್ದ ಹೇನು ಮತ್ತೆ ಹತ್ತಿ ಬರುವುದು ಕಡಿಮೆ. ಇದನ್ನು ಬೆಳಗ್ಗೆ ಮಾಡಿ, ಸಂಜೆ ಮಾಡಿದರೆ ಎಲೆ ರಾತ್ರಿಯಿಡೀ ಒದ್ದೆಯಾಗಿದ್ದು ಕೊಳೆರೋಗ ಬರುತ್ತದೆ. ಆಮೇಲೂ ಉಳಿದರೆ ಮೇಲೆ ಹೇಳಿದ ಸೋಪಿನ ನೀರನ್ನೇ ಹೇನಿನ ಮೈ ನೆನೆಯುವಂತೆ ಹೊಡೆಯಿರಿ. ಮೈಗೆ ತಾಗದಿದ್ದರೆ ಅದು ಕೆಲಸ ಮಾಡುವುದಿಲ್ಲ. ಮೊದಲು ಒಂದೇ ಎಲೆಗೆ ಹೊಡೆದು ಒಂದು ದಿನ ನೋಡಿ. ನಮ್ಮ ಅತ್ತೆ ಕುಳ್ಳಿನ ಬೂದಿ ಉದುರಿಸುತ್ತಿದ್ದರು. ಇಬ್ಬನಿ ಇದ್ದಾಗ ಬೂದಿ ಎಲೆಗೆ ಅಂಟಿ ಸ್ವಲ್ಪ ತಡೆಯುತ್ತದೆ. ಹೇನು ಮುತ್ತಿದ ಮೇಲೆ ಬೂದಿಯಿಂದ ಆಗುವುದಿಲ್ಲ.

ಹೇನಿನ ಗುಂಪಿನ ನಡುವೆ ಕಪ್ಪು ಮೈ, ಕಿತ್ತಳೆ ಚುಕ್ಕೆ, ಆರು ಕಾಲಿನ ಉದ್ದನೆಯ ಒಂದು ಹುಳ ಓಡಾಡುತ್ತಿರುತ್ತದೆ. ನೋಡಲು ಭಯ ಹುಟ್ಟಿಸುತ್ತದೆ, ಎಷ್ಟೋ ಜನ ಮೊದಲು ಅದನ್ನೇ ಹೊಸಕುತ್ತಾರೆ. ಅದು ಗುಲಗಂಜಿ ಹುಳದ ಮರಿ, ಹೇನು ತಿಂದೇ ಬದುಕುವುದು. ಉಬ್ಬಿ ಗೋಧಿ ಬಣ್ಣಕ್ಕೆ ತಿರುಗಿ ಅಲುಗಾಡದೆ ಕೂತ ಹೇನುಗಳು ಕಂಡರೂ ಬಿಡಿ, ಅವುಗಳ ಒಳಗೆ ಸಣ್ಣ ಕಣಜ ಬೆಳೆಯುತ್ತಿದೆ. ಇಂಥವು ಕಂಡ ಗಿಡಕ್ಕೆ ನಾನು ನಾಲ್ಕು ದಿನ ಏನೂ ಹೊಡೆಯುವುದಿಲ್ಲ. ಬಹಳ ಸಲ ಅಷ್ಟರಲ್ಲಿ ಹೇನು ತಾನಾಗೇ ಇಳಿದಿರುತ್ತದೆ.

ಸುಳಿ ಕೊರಕ, ರಾತ್ರಿ ಹುಳ, ಇತರೆ

ಸಸಿ ಹಚ್ಚಿದ ಮೊದಲ ಮೂರು ವಾರ ಸುಳಿಯ ಮೇಲೆ ಕಣ್ಣಿರಲಿ. ಸುಳಿಯಲ್ಲಿ ಬಲೆ, ಒದ್ದೆ ಹಿಕ್ಕೆ ಕಂಡರೆ ಒಳಗೆ ಸುಳಿ ಕೊರಕ ಇದೆ. ಮಾಸಲು ಮೈ, ಉದ್ದಕ್ಕೆ ಕಂದು ಗೆರೆ. ಒಳಗೆ ಕೂತ ಹುಳಕ್ಕೆ ಯಾವ ಔಷಧಿಯೂ ಮುಟ್ಟುವುದಿಲ್ಲ. ನಾನು ದಪ್ಪ ಸೂಜಿಯಿಂದ ಬಲೆ ಬಿಡಿಸಿ ಹುಳವನ್ನು ಎತ್ತಿ ತೆಗೆಯುತ್ತೇನೆ. ಸುಳಿ ಸತ್ತ ಗಿಡ ಬದಿಯಿಂದ ಮೂರು ನಾಲ್ಕು ಚಿಗುರು ಒಡೆಯುತ್ತದೆ. ಬಲವಾದ ಒಂದನ್ನು ಬಿಟ್ಟು ಉಳಿದವು ಚಿವುಟಿದರೆ ಮುಷ್ಟಿಯಷ್ಟು ಗಡ್ಡೆಯಾದರೂ ಸಿಗುತ್ತದೆ. ನರ್ಸರಿಯಿಂದ ಸಸಿ ತರುವಾಗಲೇ ಸುಳಿ ನೋಡಿ ತನ್ನಿ.

ರಾತ್ರೋರಾತ್ರಿ ದೊಡ್ಡ ದೊಡ್ಡ ತೂತು, ಹಗಲು ಹುಡುಕಿದರೆ ಏನೂ ಇಲ್ಲ ಅಂದರೆ ಅದು ತಂಬಾಕು ಹುಳ. ಹಗಲು ಮಣ್ಣಲ್ಲಿ ಅಡಗುತ್ತದೆ. ಊಟ ಆದಮೇಲೆ ಮೊಬೈಲ್ ಬೆಳಕು ಹಿಡಿದು ಹೋಗಿ, ಆರಿಸಿಕೊಳ್ಳಿ. ಅದರ ತತ್ತಿ ಎಲೆ ಕೆಳಗೆ ಒಂದೇ ಗುಂಪಾಗಿ, ಮೇಲೆ ಕಂದು ಕೂದಲು ಹೊದ್ದು, ಮಖಮಲ್ ಚೂರು ಅಂಟಿಸಿದಂತೆ ಇರುತ್ತದೆ. ಆ ಎಲೆ ಮುರಿದರೆ ನೂರಾರು ಹುಳ ಒಂದೇ ಏಟಿಗೆ ಹೋದಂತೆ. ಮೂಲೆಯಲ್ಲಿ ಎರಡು ಔಡಲ ಗಿಡ ಇದ್ದರೆ ಈ ಪತಂಗ ಹೆಚ್ಚಾಗಿ ಅಲ್ಲೇ ತತ್ತಿ ಇಡುತ್ತದೆ. ಔಡಲದ ಎಲೆಯನ್ನೂ ಮಗುಚಿ ನೋಡುತ್ತಿರಬೇಕು.

ಮೊಬೈಲಿನಲ್ಲಿ ಹುಡುಕಿದರೆ ಬಿಳಿ ಚಿಟ್ಟೆಯ ಫೋಟೋ ಬರುತ್ತದೆ. ಅದರ ಹಾವಳಿ ಉತ್ತರ ಭಾರತದ ಚಳಿ ಸೀಮೆಯಲ್ಲಿ ಹೆಚ್ಚು. ನಮ್ಮ ಹಿತ್ತಲಿಗೆ ಬರುವ ತಿಳಿ ಹಳದಿ ಚಿಟ್ಟೆಗಳ ಮರಿ ಕಕ್ಕೆ ಮರದ ಎಲೆ ತಿನ್ನುತ್ತದೆ, ಕ್ಯಾಬೇಜಿಗೆ ಬರುವುದಿಲ್ಲ. ಓಡಿಸಬೇಡಿ.

ಎಲೆ ಅಂಚಿನಿಂದ ಒಳಕ್ಕೆ ವಿ ಆಕಾರದಲ್ಲಿ ಹಳದಿಯಾಗಿ, ನರ ಕಪ್ಪಾಗಿದ್ದರೆ ಅದು ಹುಳದ ಕೆಲಸ ಅಲ್ಲ. ಕಪ್ಪು ಕೊಳೆರೋಗ. ಇಲ್ಲಿ ಹೇಳಿದ ಯಾವುದೂ ಅದಕ್ಕೆ ಆಗುವುದಿಲ್ಲ. ಗಿಡ ಕಿತ್ತು ದೂರ ಹಾಕಿ, ಎರಡು ಮೂರು ವರ್ಷ ಆ ಜಾಗದಲ್ಲಿ ಕ್ಯಾಬೇಜ್, ಹೂಕೋಸು, ಮೂಲಂಗಿ, ಸಾಸಿವೆ ಹಚ್ಚಬೇಡಿ.

ಬರದಂತೆ ಮಾಡುವುದು

ಹೆಸರಘಟ್ಟದ ಸಂಸ್ಥೆಯವರು ರೈತರಿಗೆ ಹೇಳಿಕೊಟ್ಟ ಒಂದು ಉಪಾಯ ಇದೆ. ಪ್ರತಿ 25 ಸಾಲು ಕ್ಯಾಬೇಜಿಗೆ ಒಂದು ಜೋಡಿ ಸಾಲು ಸಾಸಿವೆ. ಒಂದು ಸಾಲು ಸಸಿ ಹಚ್ಚುವ 15 ದಿನ ಮುಂಚೆ, ಇನ್ನೊಂದು ಹಚ್ಚಿದ 25 ದಿನದ ಮೇಲೆ. ವಜ್ರಬೆನ್ನೂ ಹೇನೂ ಕ್ಯಾಬೇಜಿಗಿಂತ ಸಾಸಿವೆಗೆ ಮೊದಲು ಹೋಗುತ್ತವೆ. ನಾನು ಅಡುಗೆಮನೆ ಡಬ್ಬಿಯ ಸಾಸಿವೆಯನ್ನೇ ಎರಡೂ ಬದಿಗೆ ಬಿತ್ತುತ್ತೇನೆ. ಆದರೆ ಸಾಸಿವೆಯನ್ನು ದಿನವೂ ನೋಡಬೇಕು, ಹುಳ ಕೂತಾಗ ಅದಕ್ಕೇ ಔಷಧಿ ಹೊಡೆಯಬೇಕು. ಮರೆತು ಬಿಟ್ಟರೆ ಅದೇ ಹುಳ ಸಾಕುವ ಜಾಗವಾಗುತ್ತದೆ.

ನನಗೆ ಎಲ್ಲಕ್ಕಿಂತ ನಂಬಿಕೆ ಇರುವುದು ಪರದೆ ಮೇಲೆ. ಹಳೆ ನೈಲಾನ್ ಸೊಳ್ಳೆ ಪರದೆ ಬಿಚ್ಚಿ, ಒಂದು ಸಾಲಿನ ಉದ್ದಕ್ಕೆ ಸೇರಿಸಿ ಹೊಲಿದೆ. ಬಿದಿರಿನ ಸೀಳನ್ನು ಬಿಲ್ಲಿನಂತೆ ಬಗ್ಗಿಸಿ ನೆಟ್ಟು ಮೇಲೆ ಹೊದಿಸಿದೆ. ಅಂಚಿಗೆ ಎರಡು ಬೆರಳಗಲ ಮಡಿಕೆ ಹೊಲಿದು ಒಳಗೆ ಮರಳು ತುಂಬಿದ್ದೇನೆ, ಗಾಳಿಗೆ ಏಳುವುದಿಲ್ಲ, ಸಂದೂ ಉಳಿಯುವುದಿಲ್ಲ. ಎಲೆ ಪರದೆಗೆ ತಾಗದಷ್ಟು ಎತ್ತರ ಬೇಕು, ಇಲ್ಲದಿದ್ದರೆ ಹೊರಗಿಂದಲೇ ತತ್ತಿ ಇಡುತ್ತವೆ. ಸಸಿ ಹಚ್ಚಿದ ದಿನವೇ, ಎಲೆ ಪರೀಕ್ಷೆ ಮಾಡಿಯೇ ಮುಚ್ಚಬೇಕು. ಹುಳ ಒಳಗೆ ಉಳಿದರೆ ಅದನ್ನು ತಿನ್ನುವ ಕಣಜ ಒಳಗೆ ಬರಲಾಗುವುದಿಲ್ಲ. ಗಡ್ಡೆ ಕಟ್ಟಲು ಜೇನುನೊಣ ಬೇಕಿಲ್ಲ, ಹೀಗಾಗಿ ಕೊಯ್ಯುವವರೆಗೂ ಮುಚ್ಚಿಡಬಹುದು. ಹೇನು ಮಾತ್ರ ಈ ಕಣ್ಣಿನೊಳಗೂ ನುಗ್ಗುತ್ತದೆ, ವಾರಕ್ಕೊಮ್ಮೆ ತೆರೆದು ನೋಡಿ.

ಇಷ್ಟೆಲ್ಲ ಮಾಡಿಯೂ ಗುರುತು ಸಿಗದಿದ್ದರೆ ಎಲೆ ಸಮೇತ ಹುಳವನ್ನು ಡಬ್ಬಿಯಲ್ಲಿ ಹಾಕಿಕೊಂಡು ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ. ಕಿಸಾನ್ ಕಾಲ್ ಸೆಂಟರ್ 1800-180-1551ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಕೇಳಬಹುದು, ದುಡ್ಡು ಕೊಡಬೇಕಿಲ್ಲ.

ಕೊಯ್ದ ಮೇಲೆ ಹೊರಗಿನ ಮೂರು ನಾಲ್ಕು ಎಲೆ ತೆಗೆದು, ಗಡ್ಡೆಯನ್ನು ಎರಡು ಹೋಳು ಮಾಡಿ, ಉಪ್ಪು ನೀರಲ್ಲಿ ಕಾಲು ಗಂಟೆ ಮುಳುಗಿಸಿಡಿ. ಒಳಗೆ ಒಂದೆರಡು ಹುಳ ಇದ್ದರೆ ಹೊರಬರುತ್ತವೆ. ಹಿತ್ತಲಲ್ಲಿ ಉಳಿದ ದಂಟನ್ನು ಬೇರು ಸಮೇತ ಅಂದೇ ಕಿತ್ತುಬಿಡಿ. ಅದು ಮತ್ತೆ ಚಿಗುರಿದರೆ ಮುಂದಿನ ಹಂಗಾಮಿನ ಹೇನು, ವಜ್ರಬೆನ್ನು ಅಲ್ಲೇ ಉಳಿದುಕೊಳ್ಳುತ್ತವೆ. ರೋಗ ಇಲ್ಲದ ದಂಟು, ಎಲೆ ನಮ್ಮ ಎಮ್ಮೆಗೆ.